ಎಮ್ಮೆ ಯಾರಿಗೂ ಹೇಳಲಿಲ್ಲ

ಗುಬ್ಬಿ
20-11-1983, ಭಾನುವಾರ

ವನಜಳಿಗೆ ಸಿದ್ದಲಕ್ಷ್ಮಿಯ ನಮಸ್ಕಾರಗಳು.

ನಿನ್ನ ಕಾಗದ ದಸರೆಗೆ ಮುಂಚೆಯೇ ಬಂತು. ಉತ್ತರ ಬರೆಯುವಷ್ಟರಲ್ಲಿ ದೀಪಾವಳಿಯೂ ಕಳೆಯಿತು. ಆಫೀಸಿನಲ್ಲಿ ಕೆಲಸ ಜಾಸ್ತಿ, ಅತ್ತಿಗೆಗೆ ಜ್ವರ ಎಂದೆಲ್ಲ ಬರೆಯಬಹುದಿತ್ತು, ಎರಡೂ ಸುಳ್ಳೇನಲ್ಲ. ಆದರೆ ಪ್ರತಿ ಸಲವೂ ಹಾಳೆ ತೆಗೆದು ‘ಪ್ರೀತಿಯ ವನಜಾ’ ಎಂದು ಬರೆದು, ಆ ‘ಪ್ರೀತಿಯ’ ಎನ್ನುವುದನ್ನೇ ನೋಡುತ್ತ ಕೂತು, ಹರಿದುಹಾಕುತ್ತಿದ್ದೆ. ಈ ಸಲ ಅದನ್ನು ಬಿಟ್ಟು ಶುರು ಮಾಡಿದ್ದೇನೆ, ಅದಕ್ಕೇ ಮುಂದೆ ಸಾಗುತ್ತಿದೆ.

ನಾವೆಲ್ಲ ಚೆನ್ನಾಗಿದ್ದೇವೆ. ನಾನು ಹೊನ್ನಯ್ಯಣ್ಣನ ಮನೆಯಲ್ಲೇ ಇದ್ದೇನೆ. ಕುಣಿಗಲ್ಲಿನಿಂದ ಇಲ್ಲಿಯ ತಾಲ್ಲೂಕು ಆಫೀಸಿಗೆ ವರ್ಗ ಮಾಡಿಸಿಕೊಂಡು ಬಂದದ್ದು ನಿನಗೆ ಗೊತ್ತು. ಅಪ್ಪ ಆಗಾಗ ಚೇಳೂರಿನಿಂದ ಬಸ್ಸಿನಲ್ಲಿ ಬಂದು ತೆಂಗಿನಕಾಯಿ ಚೀಲ ಇಳಿಸಿ, ನನ್ನ ಮುಖ ಒಂದು ಸಲ ನೋಡಿ, ಏನೂ ಕೇಳದೆ ಹೋಗುತ್ತಾರೆ. ನಿನಗೆ ಗಂಡುಮಗು ಆದ ಸುದ್ದಿ ಓದಿ ನಿಜವಾಗಿಯೂ ಸಂತೋಷವಾಯಿತು. ಹೆರಿಗೆ ಕಷ್ಟವಾಯಿತು ಎಂದು ಬರೆದಿದ್ದೆ. ಸೊಂಟ ಜೋಪಾನ. ತಣ್ಣೀರಲ್ಲಿ ಕೈಯಾಡಿಸಬೇಡ.

ಇನ್ನು ನೀನು ಕೇಳಿದ ವಿಷಯ. ನಿಮ್ಮ ಯಜಮಾನರು ಆ ನಾಟಕದ ಎರಡನೇ ಭಾಗ ಬರೆಯಬೇಕು ಎಂದಿದ್ದಾರೆ, ಆಫೀಸಿನ ಸಂಘದವರು ಪೀಡಿಸುತ್ತಿದ್ದಾರೆ, ‘ಆಮೇಲೆ ನಿಮ್ಮಿಬ್ಬರ ಮಧ್ಯೆ ಏನಾಯಿತು ಅಂತ ಬರೆದು ಕಳಿಸಿದರೆ ಅವರಿಗೆ ಒಂದು ದಾರಿ ಸಿಗುತ್ತೆ, ಹಳೆಯದನ್ನೆಲ್ಲ ಮರೆತುಬಿಡು’ ಎಂದು ಬರೆದಿದ್ದೀಯ. ಮರೆತುಬಿಟ್ಟರೆ ಬರೆದು ಕಳಿಸುವುದು ಹೇಗೆ ವನಜಾ? ಎರಡರಲ್ಲಿ ಒಂದನ್ನು ಕೇಳಬೇಕಿತ್ತು.

ಆದರೂ ಬರೆಯುತ್ತೇನೆ. ಮೊದಲ ಭಾಗದಿಂದಲೇ ಬರೆಯುತ್ತೇನೆ. ಅದನ್ನು ನಿಮ್ಮವರು ಹೇಳಿದ ರೀತಿಯಲ್ಲಿ ಜಿಲ್ಲೆಯೆಲ್ಲ ಕೇಳಿದೆ, ನಡೆದ ರೀತಿಯಲ್ಲಿ ಒಮ್ಮೆ ನೀನಾದರೂ ಕೇಳು.

ತುಮಕೂರಿನ ಚಿಕ್ಕಪೇಟೆಯಲ್ಲಿ ಒಂದೇ ಕೋಣೆಯಲ್ಲಿ, ಒಂದೇ ಸ್ಟೌ ಹಚ್ಚಿಕೊಂಡು ನಾವಿಬ್ಬರೂ ಟೈಪಿಂಗ್ ಕಲಿತೆವು. ನಿನಗೆ ಆ ಊರಲ್ಲೇ ಮದುವೆಯಾಯಿತು, ನನಗೆ ಕುಣಿಗಲ್ಲಿನಲ್ಲಿ ಕೆಲಸವಾಯಿತು. ಅಲ್ಲಿ ನರಸಿಂಹಮ್ಮನವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಎಮ್ಮೆಗೆ ಕೆಚ್ಚಲು ಬಾವು ಬಂದಾಗ ದನದ ಆಸ್ಪತ್ರೆಯಿಂದ ಬಂದವರೇ ಕಾಂಪೌಂಡರ್ ರಾಮಾಂಜಿನಯ್ಯನವರು. ಬಾವು ಇಳಿದ ಮೇಲೂ ಬರುತ್ತಲೇ ಇದ್ದರು. ನರಸಿಂಹಮ್ಮ ಒಂದು ದಿನ ನನ್ನ ಮುಖ ನೋಡಿ, “ಎಮ್ಮೆ ವಾಸಿಯಾಗಿ ತಿಂಗ್ಳಾಯ್ತು, ಈ ಕಾಂಪೌಂಡ್ರು ಇನ್ನೂ ಬತ್ತಾನೇ ಅವ್ರಲ್ಲ ಕಣವ್ವ, ಯಾವ ಕಾಯ್ಲೆಗೆ?” ಎಂದರು.

ರಾಮಾಂಜಿನಯ್ಯನವರಿಗೆ ಮಾತು ತೊದಲುತ್ತಿತ್ತು. ಬೇರೆ ಅಕ್ಷರಗಳು ಒಂದಿಷ್ಟು ತಡವರಿಸಿದರೂ ಬರುತ್ತಿದ್ದವು, ‘ಸ’ ಬಂದರೆ ಪೂರ್ತಿ ನಿಂತುಹೋಗುತ್ತಿತ್ತು. ನನ್ನ ಹೆಸರು ಶುರುವಾಗುವುದೇ ಅಲ್ಲಿಂದ. ಊರಿನವರು ಅವರು ಬಾಯಿ ತೆರೆದ ಕೂಡಲೇ ಆ ಮಾತು ಕಿತ್ತುಕೊಂಡು ತಾವೇ ಮುಗಿಸಿಬಿಡುತ್ತಿದ್ದರು. ಅವರು ಹೇಳಬೇಕೆಂದಿದ್ದು ಅದಲ್ಲದಿದ್ದರೂ ‘ಹೂಂ’ ಎಂದು ಸುಮ್ಮನಾಗುತ್ತಿದ್ದರು. ನಾನು ಮಾತ್ರ ಕಾಯುತ್ತಿದ್ದೆ. ನನಗೇನು ಅವಸರ?

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳಿಗೆ ಕೊಟ್ಟಿಗೆಯಲ್ಲಿ ಅವರ ದನಿ ಕೇಳಿಸಿತು. ಎಮ್ಮೆಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದರು. “ಸಿ... ಸಿ... ಸಿದ್ದಲಕ್ಷ್ಮಿಯವ್ರೇ, ನಂದು ಮಾತು ನಿಧಾನ. ಮನ್ಸು ನಿಧಾನ ಅಲ್ಲ. ನಿಮ್ಮನ್ನ ಮದ್ವೆ ಆಗ್ಬೇಕು ಅಂತಿದೀನಿ.” ಎಮ್ಮೆ ಮೆಲುಕು ಹಾಕುತ್ತಿತ್ತು. ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಗೋಡೆಯ ಈಚೆ ನಿಂತಿದ್ದೆ. ನಗು ಬರಲಿಲ್ಲ ವನಜಾ. ಸದ್ದಿಲ್ಲದೆ ಹಿಂದೆ ಹೋಗಿ, ಗೇಟಿನ ಚಿಲಕ ಜೋರಾಗಿ ಅಲ್ಲಾಡಿಸಿ, ಆಗ ತಾನೇ ಬಂದವಳಂತೆ ಒಳಗೆ ಬಂದೆ. ನಾನು ಕೇಳಿಸಿಕೊಂಡದ್ದು ಅವರಿಗೆ ತಿಳಿಯಬಾರದು ಎಂದು ಅವತ್ತೇ ತೀರ್ಮಾನ ಮಾಡಿದ್ದೆ.

ಆಮೇಲೆ ಒಂದು ಭಾನುವಾರ ಸಂಜೆ ದೊಡ್ಡಕೆರೆ ಏರಿಯ ಮೇಲೆ ಅವರು ಅದೇ ಮಾತನ್ನು ನನ್ನ ಎದುರಿಗೇ ಹೇಳಿದರು. ನಡುವೆ ಒಂದು ದನದ ಮಂದೆ ನಮ್ಮನ್ನು ದಾಟಿ ಹೋಯಿತು, ಸೈಕಲ್ಲಿನವನೊಬ್ಬ ಹೋದ. ಅವರು ‘ಸಿ’ ಎಂಬಲ್ಲೇ ನಿಂತಿದ್ದರು. ನಾನು ನೀರು ನೋಡುತ್ತ ನಿಂತಿದ್ದೆ. ಕಡೆಗೆ ಪೂರ್ತಿ ಹೆಸರು ಹೊರಗೆ ಬಂತು, ಉಳಿದದ್ದೂ ಬಂತು. ನಾನು ‘ಆಗಲಿ’ ಎಂದೆ.

ಇದನ್ನೆಲ್ಲ ನಿನ್ನ ಮನೆಯ ಹಿತ್ತಲಿನಲ್ಲಿ ಕೂತು, ಅವರೆಕಾಳು ಹಿದುಕುತ್ತ ಹೇಳಿದೆ. ನೀನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಪುಣ್ಯವಂತೆ ಕಣೇ ನೀನು” ಎಂದೆ. ಕೊಟ್ಟಿಗೆಯ ವಿಷಯ ಯಾರಿಗೂ ಹೇಳಬೇಡ ಎಂದೆ ನಾನು. “ನಂಗೆ ಹೇಳಿದ್ದು ಬಾವಿಗೆ ಹಾಕ್ದಂಗೆ” ಎಂದೆ ನೀನು.

ಅಪ್ಪ ಒಪ್ಪಿದರು, ಅವರ ಕಡೆಯವರೂ ಒಪ್ಪಿದರು. ಎಲೆಅಡಿಕೆ ಬದಲಾಯಿಸಿದ್ದಾಯಿತು. ಜ್ಯೇಷ್ಠದಲ್ಲಿ ಮದುವೆ ಎಂದಾಗಿತ್ತು. ಅಷ್ಟರಲ್ಲಿ ನಿನ್ನ ಕಾಗದ ಬಂತು: ‘ನಮ್ಮವರು ಬರೆದ ಹಾಸ್ಯನಾಟಕ, ಭಾನುವಾರ ಮಧ್ಯಾಹ್ನ ತುಮಕೂರಿನಲ್ಲಿ, ಇಬ್ಬರೂ ಜೋಡಿಯಾಗಿ ಬರಲೇಬೇಕು.’ ಒಳಗೆ ಎರಡನೇ ಸಾಲಿನ ಪಾಸುಗಳು. ರಾಮಾಂಜಿನಯ್ಯನವರು ಹೊಸ ಶರಟು ಹೊಲಿಸಿಕೊಂಡು ಬಂದಿದ್ದರು. ಹೊನ್ನಯ್ಯಣ್ಣನೂ ಅತ್ತಿಗೆಯೂ ಬಂದಿದ್ದರು.

ಪರದೆ ಎದ್ದಾಗ ದನದ ಆಸ್ಪತ್ರೆ. ಕರಿ ಕಂಬಳಿ ಹೊದ್ದ ಇಬ್ಬರು ಎಮ್ಮೆಯಾಗಿ ಬಂದರು. ಜನ ನಕ್ಕರು, ರಾಮಾಂಜಿನಯ್ಯನವರೂ ನಕ್ಕರು. “ನ-ನಮ್ ಆಸ್ಪತ್ರೆ ತರಾನೇ ಐತೆ” ಎಂದು ನನ್ನ ಕಡೆ ಬಾಗಿ ಹೇಳಿದರು. ಆಮೇಲೆ ನಾಯಕ ಬಂದ. ‘ಸ’ ಎನ್ನುವಲ್ಲಿ ಅವನ ಮಾತು ನಿಂತಿತು. ಅವನು ಕತ್ತು ಉಬ್ಬಿಸಿ, ಕಣ್ಣು ಹೊರಗೆ ತಂದು, ಕಾಲು ಕುಟ್ಟಿದ. ಜನ ಬಿದ್ದುಬಿದ್ದು ನಕ್ಕರು. ಅವನು ಎಮ್ಮೆಯ ಮುಂದೆ ಮಂಡಿಯೂರಿ, ‘ನಂದು ಮಾತು ನಿಧಾನ, ಮನ್ಸು ನಿಧಾನ ಅಲ್ಲ’ ಎಂದ. ಕಂಬಳಿಯ ಎಮ್ಮೆ ನಾಚಿಕೊಂಡಿತು. ಗೋಡೆಯ ಹಿಂದೆ ನಾಯಕಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಅವರು ಎದ್ದು ಹೋಗಬಹುದು ಎಂದುಕೊಂಡೆ, ಹೋಗಲಿಲ್ಲ. ಎದ್ದು ಹೋದರೆ ಇವನೇ ಅವನು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತಲ್ಲ. ಕೊನೆಯವರೆಗೂ ಕೂತರು. ಕೊನೆಯ ದೃಶ್ಯದಲ್ಲಿ ನಾಯಕ ‘ಸ, ಸ’ ಎನ್ನುತ್ತಿರುವಾಗ ನಾಯಕಿಯೇ ಅವನ ಮಾತು ಮುಗಿಸಿ ಹಾರ ಹಾಕಿದಳು. ಎಲ್ಲರೊಂದಿಗೆ ಅವರೂ ಚಪ್ಪಾಳೆ ತಟ್ಟಿದರು.

ಅಲ್ಲಿಗೆ ಮುಗಿದಿದ್ದರೂ ನಾವು ಹೇಗೋ ಬದುಕಿಕೊಳ್ಳುತ್ತಿದ್ದೆವು. ನಿಮ್ಮ ಯಜಮಾನರು ಮೈಕ್ ಹಿಡಿದು, “ಈ ಕಥೆಯ ನಿಜವಾದ ನಾಯಕರು ನಮ್ಮ ನಡುವೆಯೇ ಇದ್ದಾರೆ” ಎಂದರು. ಇಳಿದು ಬಂದು ರಾಮಾಂಜಿನಯ್ಯನವರ ಕೈ ಹಿಡಿದು ವೇದಿಕೆಗೆ ಕರೆದುಕೊಂಡು ಹೋದರು. ನಾನು ‘ಬೇಡ ಭಾವ’ ಎಂದೆ. ನಿಮ್ಮವರನ್ನು ನಾನು ಭಾವ ಎಂದೇ ಕರೆಯುತ್ತಿದ್ದೆ, ನೆನಪಿದೆಯಾ? “ನೀನು ಸುಮ್ನಿರಮ್ಮ, ಅವ್ರಿಗೊಂದು ಮರ್ಯಾದೆ ಮಾಡೋಣ” ಎಂದರು. ಶಾಲು ಹೊದಿಸಿ, “ಎರಡು ಮಾತಾಡಿ” ಎಂದು ಮೈಕ್ ಮುಂದೆ ನಿಲ್ಲಿಸಿದರು.

ಅವರು ‘ಸಭೆಗೆ’ ಎನ್ನಬೇಕಾಗಿತ್ತು. ‘ಸ’ ಬಂತು. ಮತ್ತೆ ‘ಸ’ ಬಂತು. ನಾಟಕ ಇನ್ನೂ ಮುಗಿದಿಲ್ಲ ಎಂದುಕೊಂಡ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರದೆಯ ಪಕ್ಕದಲ್ಲಿ ನೀನು ಹಾರದ ತಟ್ಟೆ ಹಿಡಿದು ನಿಂತಿದ್ದೆ. ನೀನೂ ನಗುತ್ತಿದ್ದೆ. ಅವರು ಕೈಮುಗಿದು ಇಳಿದು ಬಂದರು.

ಕುಣಿಗಲ್ ಬಸ್ಸಿನಲ್ಲಿ ನನಗೆ ಸೀಟು ಹಿಡಿದುಕೊಟ್ಟು ತಾವು ಪಕ್ಕದಲ್ಲಿ ಕಂಬಿ ಹಿಡಿದು ನಿಂತರು. ಸುಮಾರು ದೂರ ಬಂದ ಮೇಲೆ ಕೇಳಿದರು, “ಅ-ಅವತ್ತು ನೀವು ಗೋಡೆ ಹಿಂದೆ ನಿಂತಿದ್ರಾ?”

“ಹೂಂ” ಎಂದೆ.

“ಕೇ-ಕೇಳಿಸ್ಕೊಂಡ್ರಾ?”

“ಹೂಂ.”

ಅವರು ಕಿಟಕಿಯ ಹೊರಗೆ ನೋಡುತ್ತ ಬಹಳ ಮೆಲ್ಲಗೆ, ಒಂದು ಕಡೆಯೂ ತಡವರಿಸದೆ ಹೇಳಿದರು: “ಎಮ್ಮೆ ಯಾರಿಗೂ ಹೇಳ್ಲಿಲ್ಲ.”

ನಿಮ್ಮವರಿಗೆ ಈ ಮಾತು ಉಪಯೋಗಕ್ಕೆ ಬರಬಹುದು. ಜನ ಚೆನ್ನಾಗಿ ನಗುತ್ತಾರೆ.

ಮುಂದಿನ ವಾರ ನಾನು ನಿನ್ನ ಮನೆಗೆ ಬಂದು ಕೇಳಿದೆನಲ್ಲ, ಆಗ ನೀನು ಕೊಟ್ಟ ಉತ್ತರಗಳು ಇನ್ನೂ ಕಿವಿಯಲ್ಲಿವೆ. “ಹೆಸ್ರು ಬದಲಾಯ್ಸಿದೀವಲ್ಲ ಕಣೇ” ಎಂದೆ. ಹೆಸರು ಬದಲಾಯಿಸಿ ಆಳನ್ನೇ ಎಳೆದು ತಂದು ನಿಲ್ಲಿಸಿದಿರಿ. “ಕೊನೇಲಿ ಮದ್ವೆ ಮಾಡ್ಸಿದೀವಲ್ಲ” ಎಂದೆ. ಹೌದು, ನಾಟಕದಲ್ಲಿ ಮಾಡಿಸಿದಿರಿ. ಆಮೇಲೆ ಕಾಫಿ ಲೋಟ ಕೆಳಗಿಟ್ಟು ನೀನು ಇನ್ನೊಂದು ಮಾತು ಹೇಳಿದೆ: “ಮದ್ವೆಯಾಗಿ ಎರಡು ವರ್ಷ ಆಗಿತ್ತು ಸಿದ್ದಿ. ನಾನು ಏನು ಹೇಳಿದ್ರೂ ಪೇಪರಿಂದ ತಲೆ ಎತ್ತುತಿರ್ಲಿಲ್ಲ. ಅವತ್ತು ಇದನ್ನ ಹೇಳ್ದಾಗ ಪೇಪರ್ ಕೆಳಗಿಟ್ಟು ನಕ್ಬುಟ್ರು. ಆಮೇಲೆ, ಆಮೇಲೆ ಅಂತ ಕೇಳಿದ್ರು. ನಂಗೆ ನಿಲ್ಸಕ್ಕಾಗ್ಲಿಲ್ಲ.”

ಅದನ್ನು ಕೇಳಿ ಬೈಯಬೇಕೆಂದು ಬಂದವಳು ಬೈಯದೆ ಎದ್ದು ಹೋದೆ. ಒಂದು ನಗುವಿಗೆ ನೀನು ಕೊಟ್ಟದ್ದು ನಿನ್ನದಾಗಿದ್ದರೆ ನಾನೂ ಕೂತು ಅಳುತ್ತಿದ್ದೆ.

ಈಗ ಎರಡನೇ ಭಾಗ. ನಾಟಕ ಕುಣಿಗಲ್ಲಿಗೂ ಬಂತಲ್ಲ, ಅದಾದ ಮೇಲೆ ಅವರು ಆಸ್ಪತ್ರೆಯ ಬಾಗಿಲು ದಾಟಿದರೆ ಸಾಕು, ಜೊತೆಯವರು ಎಮ್ಮೆಯಂತೆ ಕೂಗುತ್ತಿದ್ದರು. ರಾಸು ಹಿಡಿದುಕೊಂಡು ಬಂದ ರೈತರು ಮುಖ ತಿರುಗಿಸಿ ನಗುತ್ತಿದ್ದರು. ಅವರ ದೊಡ್ಡಪ್ಪ ಚಿಕ್ಕಮಾರಯ್ಯನವರು ಚೇಳೂರಿಗೆ ಬಂದು ಜಗಲಿಯ ಮೇಲೆ ಕೂತು ಅಪ್ಪನಿಗೆ ಹೇಳಿದರು: “ನಿನ್ ಮಗ್ಳು ಒಳ್ಳೇವ್ಳು ಕಣಪ್ಪ ಬೆಟ್ಟಯ್ಯ. ಆದ್ರೆ ಮನೇಲಿ ಆಡಿದ್ ಮಾತು ನಾಟ್ಕ ಆಗೋದಾದ್ರೆ, ನಮ್ಮುಡ್ಗ ಇನ್ನೆಲ್ಲಿ ಬಾಯ್ ಬುಡ್ಬೇಕು?” ಅಪ್ಪ, “ನೀವ್ ಹೇಳೋದ್ರಲ್ಲಿ ತಪ್ಪಿಲ್ಲ ಬುಡಿ” ಎಂದು ಎದ್ದರು. ಅಲ್ಲಿಗೆ ಮದುವೆ ಮುರಿಯಿತು.

ನಾನು ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋದೆ. ಅವರು ಸಿರಿಂಜು ಕುದಿಸುತ್ತಿದ್ದರು. ನಾನು ಹೇಳಿದ್ದು ಒಬ್ಬಳಿಗೇ, ಅವಳು ನನ್ನ ಒಡಹುಟ್ಟಿದವಳಿಗಿಂತ ಹೆಚ್ಚು ಎಂದೆ. ಅವರಿಗೆ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಣ್ಣಗಾಗುವ ತನಕ ಕಾಯಬಹುದಿತ್ತು. “ನಿಮ್ ಮೇಲೆ ಬೇ-ಬೇಜಾರಿಲ್ಲ. ಆದ್ರೆ ನಿಮ್ಮುಂದೆ ಬಾಯಿ ತೆ-ತೆಗೆದ್ರೆ ಆ ನಾಟ್ಕ, ಆ ನಗು, ಎಲ್ಲಾ ಬತ್ತದೆ. ನಾನು ಜೀ-ಜೀವ್ನವೆಲ್ಲ ನಿಮ್ಮ ಹತ್ರ ಮಾತಾಡ್ಬೇಕಲ್ಲ” ಎಂದರು. ಒಂದೊಂದು ಮಾತಿಗೂ ನಾನು ಕಾದು ಕೇಳಿಸಿಕೊಂಡೆ. ಅದಾದ ಸ್ವಲ್ಪ ದಿನಕ್ಕೆ ಪಾವಗಡಕ್ಕೆ ವರ್ಗ ಮಾಡಿಸಿಕೊಂಡು ಹೋದರು. ನಾನು ಇಲ್ಲಿಗೆ ಬಂದೆ. ಬಂದ ಗಂಡುಗಳನ್ನು ಬೇಡವೆಂದೆ. ಹೊನ್ನಯ್ಯಣ್ಣ ಈಗ ಕೇಳುವುದನ್ನೂ ಬಿಟ್ಟಿದ್ದಾನೆ.

ಇಷ್ಟೇ. ಇದರಲ್ಲಿ ಹಾಸ್ಯವಿಲ್ಲ, ಪ್ರಸಂಗವೂ ಇಲ್ಲ. ನಿಮ್ಮ ಯಜಮಾನರು ಬುದ್ಧಿವಂತರು, ಏನಾದರೂ ಸೇರಿಸಿಕೊಳ್ಳುತ್ತಾರೆ. ಪಾಸು ಮಾತ್ರ ಕಳಿಸಬೇಡ.

ಮಗುವಿಗೆ ನನ್ನ ಆಶೀರ್ವಾದ. ದೇವರಾಯನದುರ್ಗದ ಸ್ವಾಮಿ ಅವನಿಗೆ ಗಟ್ಟಿ ಆಯುಸ್ಸು ಕೊಡಲಿ. ಬೇಗ ಮಾತು ಬರಲಿ. ಬರುವುದು ತಡವಾದರೂ ಅವಸರ ಮಾಡಬೇಡ. ನೀನೂ ಸುಖವಾಗಿರು. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ, ಬರೆಯಲು ಸುಲಭವಾಗಲಿಲ್ಲ ಅಷ್ಟೇ.

ಇಂತಿ,
ಸಿದ್ದಲಕ್ಷ್ಮಿ

ತಾ.ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹೋದ ತಿಂಗಳು ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ರಾಮಾಂಜಿನಯ್ಯನವರನ್ನು ನೋಡಿದೆ. ಹೆಂಡತಿ ಜೊತೆಗಿದ್ದಳು, ಲಕ್ಷಣವಾದ ಹುಡುಗಿ, ಕಂಕುಳಲ್ಲಿ ಕೂಸು. ಅವರು ನನ್ನನ್ನು ನೋಡಿ ನಿಂತರು. “ಇವ್ರು ಸಿ...” ಎಂದರು. ನಾನು ಕಾಯುತ್ತ ನಿಂತೆ. ಆ ಹುಡುಗಿ ನಗುತ್ತ, “ಸಿದ್ದಲಕ್ಷ್ಮಕ್ಕ ಅಲ್ವಾ? ಹೇಳವ್ರೆ” ಎಂದಳು. ಅವರೂ ನಕ್ಕು ತಲೆಯಾಡಿಸಿದರು. ನೆಮ್ಮದಿಯಾಗಿದ್ದ ಹಾಗೆ ಕಂಡರು. ಅಷ್ಟರಲ್ಲಿ ಅವರ ಬಸ್ಸು ಬಂತು.

ನಾನು ಮನೆಗೆ ಬಂದವಳು ಯಾರ ಜೊತೆಯೂ ಮಾತಾಡದೆ ಪೆಟ್ಟಿಗೆ ತೆಗೆದು, ಒಂದು ಸೀರೆಯನ್ನು ಚೀಲಕ್ಕೆ ಹಾಕಿ, ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟರೆ ತಿಂಡಿ ಹೊತ್ತಿಗೆ ತುಮಕೂರು ಸೇರಬಹುದು, ವನಜಂಗೆ ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಅತ್ತಿಗೆ ಬಂದು, “ಎಲ್ಲಿಗೆ ಹೊರ್ಟಿದೀಯ ಸಿದ್ದಿ?” ಎಂದು ಕೇಳಿದಾಗಲೇ, ಇನ್ನು ನಿನಗೆ ಏನನ್ನೂ ಹೇಳುವ ಹಾಗಿಲ್ಲ ಎಂದು ನನಗೆ ನೆನಪಾದದ್ದು. ಎಲ್ಲಿಗೂ ಇಲ್ಲ ಅತ್ತಿಗೆ ಎಂದೆ.