ಕಬ್ಬಿಣದ ನಕ್ಷತ್ರ

ಜೂನ್ ೩, ಬೆಳಿಗ್ಗೆ

ಗೋಡೆಯಾಚೆ ನಮ್ಮ ಎಣ್ಣೆ ಮಿಲ್ಲು ಶುರುವಾಯಿತು. ಮತ್ತೆ ನಿಂತಿತು. ಕಾಳಿನಲ್ಲಿ ಕಲ್ಲು ಬಂದಿರಬೇಕು. ಮೋಟರಿಗೂ ಗೇರ್‌ಬಾಕ್ಸಿಗೂ ನಡುವೆ ಎರಡನ್ನೂ ಕೂಡಿಸುವ ಕಪ್ಲಿಂಗಿನೊಳಗೆ ಒಂದು ರಬ್ಬರ್ ನಕ್ಷತ್ರವಿದೆ; ಅದು ಹರಿಯಿತು. ಹರಿಯಲಿ. ಹರಿಯುವುದೇ ಅದರ ಉದ್ಯೋಗ. ಅದು ಹರಿದರೆ ಗೇರಿನ ಹಲ್ಲು ಉಳಿಯುತ್ತದೆ.

ತಮ್ಮನಿಗೆ ಮಾತ್ರ ಅವಮಾನ. "ಅಕ್ಕಾ, ಇದೇನು ರಬ್ಬರೋ ಒದ್ದೆ ಕಾಗದವೋ?"

"ಕಾಳು ಜರಡಿ ಹಿಡಿಸು. ಬಾಳುತ್ತೆ."

ಜರಡಿ ಅಂದರೆ ಕೆಲಸ. ಕೆಲಸ ಅಂದರೆ ನಮ್ಮ ದೊರೆಗೆ ಚಳಿಜ್ವರ.

ಜೂನ್ ೫

ಲೇತ್ ಅಂಗಡಿಯಲ್ಲಿ ಕಬ್ಬಿಣದ ನಕ್ಷತ್ರ ಮಾಡಿಸಿ ತಂದಿದ್ದಾನೆ. ಹಸುಗೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು!

"ಇನ್ನು ಈ ಜನ್ಮದಲ್ಲಿ ಹರಿಯಲ್ಲ, ಅಕ್ಕಾ."

"ಹೌದಪ್ಪ, ಅದು ಹರಿಯಲ್ಲ. ಮಿಕ್ಕಿದ್ದೆಲ್ಲ ಮುರಿಯುತ್ತೆ."

"ಮೂಲೆ ಸೇರಿದವರು ಮೂಲೇಲಿದ್ರೆ ಚೆಂದ" ಅಂದ. ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಈ ಮೂಲೆಯೇ. ಸರಿ. ಇನ್ನು ಆ ಮಿಲ್ಲಿನ ಹೊಸಿಲು ತುಳಿಯುವುದಿಲ್ಲ.

ಜೂನ್ ೧೯

ಅಂದಿನಿಂದ ಮಿಲ್ಲು ನಿಂತಿಲ್ಲ. ಜಂಬ ನೋಡಬೇಕು... ಹೆಗಲ ಮೇಲೆ ಹೊಸ ಟವೆಲ್, ಯಜಮಾನಿಕೆಯ ಗತ್ತಿಗೆ. ಬಂದವರಿಗೆಲ್ಲ ತನ್ನ ನಕ್ಷತ್ರ ಕಾಣಲಿ ಎಂದು ಗರಗರ ತಿರುಗುವ ಕಪ್ಲಿಂಗಿನ ಮೇಲಿನ ಮುಚ್ಚಳವನ್ನೂ ತೆಗೆಸಿದ್ದಾನಂತೆ. ಹೇಳಿದರೆ ಕೋಣನ ಮುಂದೆ ಕಿನ್ನರಿ.

ಪಾಪ, ಅವನ ಹೆಂಡತಿ ನಡುವೆ ಸಿಕ್ಕಿದ್ದಾಳೆ. "ಅತ್ತಿಗೆ, ಅವರಂತೂ ಕಬ್ಬಿಣ. ನೀವಾದ್ರೂ ರಬ್ಬರ್ ಆಗಬಾರದಾ?"

ನಗು ಬಂತು. ನಗಲಿಲ್ಲ.

ಜೂನ್ ೨೦, ಮಧ್ಯಾಹ್ನ

ಗೇರ್‌ಬಾಕ್ಸ್ ಗೊರಗೊರ ಅನ್ನುತ್ತಿದೆ. ನಡುನಡುವೆ ಒಂದು 'ಕಟ್'. ಯಾವುದೋ ಹಲ್ಲು ಬಿರುಕು ಬಿಟ್ಟಿದೆ. ನಿಲ್ಲಿಸು ಎಂದು ಅವನ ಹೆಂಡತಿಯ ಕೈಲಿ ಹೇಳಿ ಕಳಿಸಿದೆ. ಉತ್ತರ ಬಂತು: "ಅಕ್ಕನ ಕಿವಿಗೆ ಎರಡು ಹನಿ ಎಣ್ಣೆ ಬಿಡು."

ಆಹಾ, ಎಣ್ಣೆ ಮಿಲ್ಲಿನ ಸಾಹುಕಾರ! ದಾನ ಮಾಡುವುದೂ ಎಣ್ಣೆಯನ್ನೇ.

ಜೂನ್ ೨೧, ಬೆಳಿಗ್ಗೆ

ಕಟ್ ಕಟ್ ಜೋರಾಗಿದೆ. ನನಗೇನು? ಮುರಿಯಲಿ. ಗೇರ್‌ಬಾಕ್ಸ್ ಚೂರಾದ ಮೇಲೇ ಈ ಬೃಹಸ್ಪತಿಗೆ ಬುದ್ಧಿ ಬರುವುದು. ಈಗ ನೋಡಲು ಹೋಗುತ್ತಾನೆ. ಮೋಟರ್ ನಿಲ್ಲಿಸಿ ನೋಡುವ ತಾಳ್ಮೆ ಎಲ್ಲಿದೆ? ಚಿಕ್ಕಂದಿನಿಂದಲೂ ಹಾಗೇ — ಓಡುವ ಯಂತ್ರದ ಮೇಲೇ ಬಗ್ಗಿ ಕಿವಿಯಿಡುವುದು...

ಮುಚ್ಚಳವಿಲ್ಲ.

ಹೆಗಲ ಮೇಲೆ ಟವೆಲ್ —

ಅಯ್ಯೋ ಪೆದ್ದ ಮುಂಡೇದೇ, ಬಗ್ಗಬೇಡವೋ. ನನ್ನ ಚಪ್ಪಲಿ ಎಲ್ಲಿ... ಹಾಳಾಗಲಿ, ಬರಿಗಾಲಲ್ಲೇ