ಹಿಂದಿನ ಸೀಟು ಬಿಟ್ಟು ಮಾಡಿಸಿದ ಟ್ಯಾಂಕ್

ಅಪ್ಪಾ,

ಬಿಡಿಭಾಗ ತರಿಸಿ ಆರು ವರ್ಷ ಕೂತು ನೀನೇ ಜೋಡಿಸಿದ ಕಾರಿನ ಪೆಟ್ರೋಲ್ ಟ್ಯಾಂಕನ್ನು ಇವತ್ತು ಬದಲಾಯಿಸಿದೆ. ಹಳೆಯದು ತುಕ್ಕು ಹಿಡಿದು ಸೋರುತ್ತಿತ್ತು.

ಹೊಸದರ ಅಳತೆ ತೆಗೆಯಲು ಬಂದಿದ್ದ ವೆಲ್ಡರ್ ಗ್ಲಿನ್ ತಲೆ ಕೆರೆದುಕೊಂಡಿದ್ದ. "ಹಿಂದಿನ ಈ ಮಕ್ಕಳ ಸೀಟು ಕಿತ್ತಾಕಮ್ಮ ಬ್ರಾನ್ವೆನ್, ಡಬಲ್ ಟ್ಯಾಂಕ್ ಕೂರಿಸ್ತೀನಿ. ಇಲ್ಲಿಂದ ಸ್ಕಾಟ್ಲೆಂಡ್‌ವರೆಗೂ ಎಲ್ಲೂ ನಿಲ್ಲಿಸೋದೇ ಬೇಡ. ನಿಮ್ಮಪ್ಪ ಯಾಕಿಷ್ಟು ಜಾಗ ಹಾಳು ಮಾಡಿದ್ರೋ!"

"ಸೀಟು ಇರ್ಲಿ. ಉಳಿದ ಜಾಗದಲ್ಲೇ ಮಾಡಿ," ಎಂದಿದ್ದೆ.

ಗೊಣಗಿಕೊಂಡೇ ಮಾಡಿಕೊಟ್ಟ. ಸೋರುತ್ತಿಲ್ಲ.

ನಾನು ಹನ್ನೊಂದು ವರ್ಷದವಳಾಗಿದ್ದಾಗ, "ಸ್ಕೂಲ್ ಹತ್ರ ಆ ಡಬ್ಬ ಕಾರು ತರ್ಬೇಡ, ನಾನು ಹತ್ತಲ್ಲ" ಎಂದಿದ್ದೆ. ನೀನು ತರಲಿಲ್ಲ. ಆ ಸೀಟಿಗೆ ನೀನು ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಇವತ್ತು ಬಿಚ್ಚಿ ಕೂತು ನೋಡಿದೆ. ಮೊಣಕಾಲು ಗದ್ದಕ್ಕೆ ತಾಗುತ್ತದೆ.