ತೂಕ ಹೇಳಿದವಳು ನಾನೇ

ಉತ್ತಮಪಾಳಯಂ
4-2-2025

ಇಂದುಜಾ ಕಣ್ಣೇ,

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಈ ಅರವತ್ತೆಂಟರಲ್ಲಿ ಬರೆಯಲು ಕೂರಿಸಿದ್ದೀಯಲ್ಲ, ಬುದ್ಧಿ ಇದೆಯೇನೇ? ಫೋನಿನಲ್ಲಿ ಹೇಳಿದರೆ ಕಲೆಕ್ಟರ್ ಆಫೀಸಿನವರು ಒಪ್ಪುವುದಿಲ್ಲವಂತೆ. ಸರಿ. ನಿನ್ನ ಅರ್ಜಿಗೆ ಬೇಕಾದ ಸಾಕ್ಷಿ ಹಾಳೆಯನ್ನು ತಮಿಳಿನಲ್ಲಿ ಬರೆದು, ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ಈ ಕಾಗದ ಮಾತ್ರ ನಿನಗೆ. ಅಕ್ಷರ ತಮಿಳು, ಮಾತು ನಮ್ಮ ಮನೆಯ ಕನ್ನಡ. ತಪ್ಪು ಹುಡುಕಬೇಡ.

ಅವತ್ತು ಇಲ್ಲಿನ ಆಸ್ಪತ್ರೆಯಲ್ಲಿ ನಡೆದದ್ದು ಇಷ್ಟು. ಟಿ.ಬಿ. ಮಾತ್ರೆ ತೂಕ ನೋಡಿ ಎಣಿಸಿ ಕೊಡುವಂಥದ್ದು. ಅಲ್ಲಿದ್ದದ್ದು ನಿಂತು ತೂಗಿಸಿಕೊಳ್ಳುವ ಮಷೀನು. ನೀನು ನಿಲ್ಲಲಾರೆ. ನರ್ಸು ನಿನ್ನ ಮುಖವನ್ನೂ ನೋಡದೆ, ಎಷ್ಟಿರಬಹುದಮ್ಮಾ ಎಂದು ನನ್ನನ್ನು ಕೇಳಿದಳು. ನಲವತ್ತು ವರ್ಷ ಬಾಳೆಮಂಡಿಯಲ್ಲಿ ಗೊನೆಗಳನ್ನು ಕಣ್ಣಲ್ಲೇ ತೂಗಿದವಳು ನಾನು. ಅರವತ್ತು ಎಂದುಬಿಟ್ಟೆ. ನೀನು, ಅಷ್ಟಿಲ್ಲ ಅತ್ತೇ ಎಂದೆ. ಸುಮ್ಮನಿರೇ, ನಿನಗೇನು ಗೊತ್ತು ಎಂದು ಗದರಿದೆ. ಅದನ್ನೂ ಹಾಳೆಯಲ್ಲಿ ಬರೆದಿದ್ದೇನೆ.

ಆಮೇಲೆ ನೀನು ಕಕ್ಕಿದ್ದು, ಕಣ್ಣು ಹಳದಿಯಾದದ್ದು, ಅದನ್ನೆಲ್ಲ ಬರೆಯಲು ಕೈ ಏಳುವುದಿಲ್ಲ. ದಿಂಡಿಗಲ್ ಆಸ್ಪತ್ರೆಯಲ್ಲಿ ಕೂರಿಸಿ ತೂಗಿದರೆ ನಲವತ್ತೆರಡು! ಮೂರು ಮಾತ್ರೆ ನುಂಗಬೇಕಾದ ಹುಡುಗಿಗೆ ನಾಲ್ಕು ನುಂಗಿಸಿದ್ದೆ.

ಹಾಳೆಯ ವಿಷಯ ಮಂಡಿಯ ಸೇಕರ್‌ಗೆ ಹೇಳಿದೆ. ಇದನ್ನು ಬರೆದುಕೊಟ್ಟರೆ ಇನ್ನು ನಿಮ್ಮ ಕಣ್ಣನ್ನು ಯಾರು ನಂಬುತ್ತಾರಕ್ಕಾ ಎಂದ. ತಕ್ಕಡಿ ಇದೆಯಲ್ಲೋ, ತೂಗಿಕೊಳ್ಳಲಿ ಎಂದೆ.

ಲೋಕದ ದೇಶಗಳೆಲ್ಲ ಸೇರಿ ಒಪ್ಪಂದ ಬರೆದಿವೆ, ನಮ್ಮ ದೇಶವೂ ಸಹಿ ಹಾಕಿದೆ, ನಿಲ್ಲಬಲ್ಲವರಿಗೆ ಸಿಗುವ ವೈದ್ಯವೇ ನಿಲ್ಲಲಾರದವರಿಗೂ ಸಿಗಬೇಕು ಎಂದು ಅದರಲ್ಲಿದೆ ಅಂತ ನೀನು ಬರೆದದ್ದನ್ನು ಎರಡು ಸಲ ಓದಿದೆ. ಬಾಳೆಗೊನೆಗೆ ಇಲ್ಲಿ ಮಂಚದಷ್ಟು ಅಗಲದ ತಕ್ಕಡಿ ಇದೆ, ನನ್ನ ಹುಡುಗಿಗೆ ಆಸ್ಪತ್ರೆಯಲ್ಲಿ ಇಲ್ಲ. ಇದನ್ನು ಹೇಳಲು ಲೋಕವೇ ಕೂಡಬೇಕಿತ್ತಾ? ಬಿಡಬೇಡ. ಕೂರಿಸಿ ತೂಗುವ ಮಷೀನು ಇಲ್ಲಿಗೂ ಬರುವವರೆಗೆ ಅರ್ಜಿ ಹಾಕುತ್ತಲೇ ಇರು.

ಬಸ್ಸಿನಲ್ಲಿ ರಸಬಾಳೆ ಕಳಿಸಿದ್ದೇನೆ. ಮೂರು ಕಿಲೋ. ತೂಗಿಯೇ ಹೇಳುತ್ತಿದ್ದೇನೆ. ಹೊತ್ತುಹೊತ್ತಿಗೆ ತಿನ್ನು.

ಬೈದರೂ ನಿನ್ನವಳೇ,
ಪಳನಿಯಮ್ಮಾಳ್ ಅತ್ತೆ

ಮರೆತದ್ದು: ಮರೆತಿರಲಿಲ್ಲ, ನಾಚಿಕೆಯಾಗಿ ಬರೆದಿರಲಿಲ್ಲ. ಅವತ್ತು ನೀನು ಕೂತಿದ್ದ ಹಳೇ ಗಾಲಿಕುರ್ಚಿ ಇಲ್ಲೇ ಇದೆಯಲ್ಲ, ನಿನ್ನೆ ಅದನ್ನು ಮಂಡಿಯ ತಕ್ಕಡಿಗೆ ಏರಿಸಿದೆ. ಹದಿನೆಂಟು ಕಿಲೋ. ನಿನ್ನ ನಲವತ್ತೆರಡಕ್ಕೆ ಕೂಡಿಸಿ ನೋಡು. ನನ್ನ ಕಣ್ಣು ಕೆಟ್ಟಿರಲಿಲ್ಲ ಇಂದುಜಾ, ಇಷ್ಟು ವರ್ಷ ನಿನ್ನನ್ನು ಕುರ್ಚಿ ಸೇರಿಸಿಯೇ ನೋಡುತ್ತಿತ್ತು. ಇದನ್ನೂ ಬರೆದು ಆ ಹಾಳೆಗೆ ಸೇರಿಸಲು ಕಳಿಸಬೇಕಾ, ಬೇಡವಾ? ನೀನು ಅರ್ಜಿ ಕೊಡುವ ಹದಿನೈದನೇ ತಾರೀಕಿನೊಳಗೆ ಉತ್ತರ ಬರೆ.